ಐನೂರು ಸರ್ಚ್ ಎಂಜಿನ್‌ಗೆ ಸೇರಿಸ್ತೀವಿ ಅಂದರು: ಹುಡುಕಿದರೂ ಸಿಗದಿದ್ದ ಕನ್ನಡದ ಕಥೆ

ಬೈರಾಪಟ್ಟಣದಲ್ಲಿ ಬೊಂಬೆ ಮಾಡುವ ಮಾವ ಒಬ್ಬರಿದ್ದಾರೆ. ರಕ್ತಸಂಬಂಧ ಏನಿಲ್ಲ, ನಮ್ಮ ಓರಗೆಯ ಹುಡುಗರೆಲ್ಲ ಹಾಗೇ ಕರೆಯುವುದು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ. ಹಾಲೆ ಮರ ತಂದು, ಒಣಗಿಸಿ, ಲೇತಿಗೆ ಕೊಟ್ಟು, ತಿರುಗುವಾಗಲೇ ಬಣ್ಣದ ಅರಗು ಒತ್ತಿ ಬುಗುರಿ, ಗಿಲಕಿ, ಸಣ್ಣ ಗಾಡಿ ಮಾಡುತ್ತಾರೆ. ಚನ್ನಪಟ್ಟಣದ ಬೊಂಬೆ ಅಂದರೆ ಯಾರಿಗೆ ಗೊತ್ತಿಲ್ಲ? 2005-06ರ ಸಾಲಿನಲ್ಲೇ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕ ಕಸುಬು. ಆದರೆ ಊರಿನ ಹೆಸರು ಗೊತ್ತಿರುವುದು ಬೇರೆ, ಮಾವನ ಅಂಗಡಿ ಗೊತ್ತಿರುವುದು ಬೇರೆ.

ಕಳೆದ ವರ್ಷ ಅವರಿಗೆ ಒಂದು ಫೋನು ಬಂತು. ಮಾತಾಡಿದ ಹುಡುಗಿ ಬಹಳ ಮರ್ಯಾದೆಯಿಂದ, "ಸಾರ್, ನಿಮ್ಮ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡ್ತೀವಿ, ಐನೂರು ಸರ್ಚ್ ಎಂಜಿನ್‌ಗೆ ಸೇರಿಸ್ತೀವಿ" ಅಂದಳಂತೆ. ಮಾವ ಆರು ಸಾವಿರ ರೂಪಾಯಿ ಕಳಿಸಿದರು. ವೆಬ್‌ಸೈಟ್ ಬಂತು, ನೋಡಲು ಚೆನ್ನಾಗಿಯೂ ಇತ್ತು. ಎರಡು ತಿಂಗಳಾದರೂ ಯಾರು ಹುಡುಕಿದರೂ ಅದು ಮಾತ್ರ ಕಾಣಲಿಲ್ಲ.

"ಐನೂರರಲ್ಲಿ ಒಂದರಲ್ಲೂ ಬರಲ್ವಲ್ಲಪ್ಪಾ. ನೀನು ಪತ್ರಿಕೋದ್ಯಮ ಓದಿದೋನು, ಸ್ವಲ್ಪ ನೋಡು" ಅಂದರು.

ನಾನು ನೋಡುವ ಮೊದಲು ಎಣಿಸಿದೆ. ಗೂಗಲ್, ಬಿಂಗ್, ಯಾಹೂ, ಡಕ್‌ಡಕ್‌ಗೋ... ರಷ್ಯಾದವರ ಯಾಂಡೆಕ್ಸ್, ಚೀನಾದವರ ಬೈದು, ಕೊರಿಯಾದವರ ನೇವರ್. ಏಳಕ್ಕೆ ನಿಂತಿತು. ಹಾಗಾದರೆ ಈ 'ಐನೂರು' ಎಲ್ಲಿಂದ ಬಂತು? ಇದು ಸುಳ್ಳೇ ಆಗಿದ್ದರೆ ಇಷ್ಟು ಖಚಿತವಾದ ಸುಳ್ಳು ಯಾಕೆ? ಹುಡುಕುತ್ತಾ ಹೋದಾಗ ಗೊತ್ತಾಯಿತು, ಇದು ಒಂದು ಕಾಲದಲ್ಲಿ ಅರ್ಧ ನಿಜವೇ ಆಗಿದ್ದ ಮಾತು. ಅದರ ಕಾಲ ಮುಗಿದು ಇಪ್ಪತ್ತು ವರ್ಷವಾಗಿದೆ ಅಷ್ಟೆ.

ರೇಷನ್ ಕಾರ್ಡಿನ ಪಟ್ಟಿಗೆ ಹೆಸರು ಸೇರಿಸುವುದು ಹೇಗೆ? ನಾವೇ ಹೋಗಿ ಅರ್ಜಿ ಹಾಕಬೇಕು. ಜನಗಣತಿಗೆ ಹೆಸರು ಸೇರುವುದು ಹೇಗೆ? ಅವರೇ ಮನೆ ಬಾಗಿಲಿಗೆ ಬರುತ್ತಾರೆ. ಇಂಟರ್‌ನೆಟ್‌ನಲ್ಲಿ ಹುಡುಕಾಟದ ಪಟ್ಟಿ ಮೊದಲು ರೇಷನ್ ಕಾರ್ಡಿನಂತಿತ್ತು, ಆಮೇಲೆ ಗಣತಿಯಂತಾಯಿತು.

1990ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್ಟೇಜ್ ಎಂಬ ವಿದ್ಯಾರ್ಥಿ 'ಆರ್ಚಿ' ಎಂಬುದನ್ನು ಮಾಡಿದ. ಅದು ಫೈಲುಗಳ ಹೆಸರನ್ನು ಮಾತ್ರ ಹುಡುಕುತ್ತಿತ್ತು, ಒಳಗಿನ ಮಾತನ್ನಲ್ಲ. ಆಗಿನ್ನೂ ವೆಬ್‌ಸೈಟ್ ಎಂಬ ಮಾತೇ ಹುಟ್ಟಿರಲಿಲ್ಲ. 1993ರಲ್ಲಿ ಮಾರ್ಟೈನ್ ಕೋಸ್ಟರ್ ಎಂಬಾತ 'ಅಲಿವೆಬ್' ತಂದ. ಇದರಲ್ಲಿ ಸೈಟಿನ ಒಡೆಯನೇ 'ನನ್ನ ಮನೆಯಲ್ಲಿ ಇಂತಿಂಥದ್ದಿದೆ' ಎಂದು ಒಂದು ಚೀಟಿ ಬರೆದಿಟ್ಟು, ಅದಿರುವ ಜಾಗವನ್ನು ಅಲಿವೆಬ್‌ಗೆ ತಿಳಿಸಬೇಕಿತ್ತು. ಚೀಟಿ ಬರೆಯದವನು ಪಟ್ಟಿಯಲ್ಲಿಲ್ಲ. ಈ ಕೋಸ್ಟರ್‌ನ ಹೆಸರು ನೆನಪಿಟ್ಟುಕೊಳ್ಳಿ, ಮಾವನ ಸಮಸ್ಯೆಗೆ ಇವನ ಇನ್ನೊಂದು ಕೆಲಸವೂ ತಳಕು ಹಾಕಿಕೊಂಡಿದೆ.

1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ, ತಮಗೆ ಇಷ್ಟವಾದ ಸೈಟುಗಳನ್ನು ವಿಷಯವಾರು ಪಟ್ಟಿ ಮಾಡಿದರು. ಅದೇ ಯಾಹೂ ಆಯಿತು. ಇಲ್ಲಿ ಯಂತ್ರ ಹುಡುಕುತ್ತಿರಲಿಲ್ಲ, ಮನುಷ್ಯರು ನೋಡಿ ಸೇರಿಸುತ್ತಿದ್ದರು. ನಾವು ಒಂದು ಅರ್ಜಿ ತುಂಬಬೇಕು: ಹೆಸರು, ವಿಳಾಸ, ಎರಡು ಸಾಲಿನ ವಿವರಣೆ, ಯಾವ ವಿಭಾಗಕ್ಕೆ ಸೇರಬೇಕು ಇತ್ಯಾದಿ. ಅಲ್ಲಿ ಕೂತವರು ಒಪ್ಪಿದರೆ ಸೇರಿದಂತೆ. ಮುಂದೆ ವ್ಯಾಪಾರದ ಸೈಟುಗಳಿಗೆ ಯಾಹೂ ವರ್ಷಕ್ಕೆ 299 ಡಾಲರ್ ಇಟ್ಟಿತು. ಬರೀ ನೋಡುವುದಕ್ಕೇ ಶುಲ್ಕ, ಸೇರಿಸಿಯೇ ತೀರುತ್ತೇವೆಂಬ ಭರವಸೆ ಇಲ್ಲ. 1998ರಲ್ಲಿ ಶುರುವಾದ ಡಿಮಾಜ್ ಎಂಬ ಇನ್ನೊಂದು ಪಟ್ಟಿ ಪೂರ್ತಿ ಸ್ವಯಂಸೇವಕರದ್ದು, ಕಾಸು ಕೇಳುತ್ತಿರಲಿಲ್ಲ, ಆದರೆ ಕಾಯಿಸುತ್ತಿತ್ತು.

ಇದರ ಜೊತೆಜೊತೆಗೇ ಗಣತಿದಾರರೂ ಬಂದರು. 1994ರಲ್ಲಿ ವೆಬ್‌ಕ್ರಾಲರ್, ಲೈಕಾಸ್, 1995ರ ಡಿಸೆಂಬರಿನಲ್ಲಿ ಆಲ್ಟಾವಿಸ್ಟಾ. ಇವು ಒಂದು ಪುಟದಲ್ಲಿರುವ ಕೊಂಡಿ ಹಿಡಿದು ಇನ್ನೊಂದಕ್ಕೆ ಹೋಗಿ, ಅಲ್ಲಿನ ಪ್ರತಿ ಪದವನ್ನೂ ಗುರುತು ಹಾಕಿಕೊಂಡು ಬರುವ ಯಂತ್ರಗಳು. ಊರಿಗೆ ರಸ್ತೆಯೇ ಇಲ್ಲದಿದ್ದರೆ ಗಣತಿಯವರು ಬರುವುದು ಹೇಗೆ? ಹಾಗೆ ಕೊಂಡಿ ಇಲ್ಲದ ಹೊಸ ಸೈಟಿನವರು 'ನಾನೂ ಇಲ್ಲಿದ್ದೇನೆ' ಎಂದು ಹೇಳಲು ಪ್ರತಿ ಯಂತ್ರವೂ ಒಂದು ಖಾನೆ ಇಟ್ಟಿತ್ತು. ಎಕ್ಸೈಟ್, ಇನ್ಫೋಸೀಕ್, ಹಾಟ್‌ಬಾಟ್ ಎಂದು ಹತ್ತಾರು ಯಂತ್ರ, ಅವುಗಳ ಸುತ್ತ ನೂರಾರು ಸಣ್ಣಪುಟ್ಟ ಪಟ್ಟಿ. ಒಂದೊಂದಕ್ಕೂ ಪ್ರತ್ಯೇಕ ಅರ್ಜಿ. ಯಾರಿಗೆ ಪುರುಸೊತ್ತು? ಹಾಗಾಗಿ 'ಎಲ್ಲಕ್ಕೂ ನಾವೇ ಅರ್ಜಿ ಹಾಕಿಕೊಡ್ತೀವಿ' ಎನ್ನುವವರು ಹುಟ್ಟಿದರು. ತಾಲ್ಲೂಕು ಕಚೇರಿ ಮುಂದೆ ಟೇಬಲ್ ಹಾಕಿಕೊಂಡು ಕೂರುವವರಿಲ್ಲವೇ, ಹಾಗೆ. ಮಾವನಿಗೆ ಫೋನ್ ಮಾಡಿದ 'ಐನೂರು' ಆ ಟೇಬಲ್ಲಿನ ಪೈಕಿಯದ್ದು. ಟೇಬಲ್ ಉಳಿದಿದೆ, ಕಚೇರಿ ಎತ್ತಂಗಡಿಯಾಗಿದೆ.

ಈಗ ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದೇ ವರ್ಷ ರಾಜೇಶ್ ಜೈನ್ ಎಂಬವರು ಇಂಡಿಯಾವರ್ಲ್ಡ್ ಶುರುಮಾಡಿದರು. ಅದರ ಮನೆಯಿಂದಲೇ 'ಖೋಜ್' ಎಂಬ ಭಾರತದ ಸೈಟುಗಳ ಪಟ್ಟಿಯೂ ಬಂತು. 1999ರ ನವೆಂಬರಿನಲ್ಲಿ ಇಂಡಿಯಾವರ್ಲ್ಡನ್ನು ಸತ್ಯಂ ಇನ್ಫೋವೇ 499 ಕೋಟಿ ರೂಪಾಯಿಗೆ ಕೊಂಡಾಗ ದೇಶವೇ ಬಾಯಿಬಿಟ್ಟು ನೋಡಿತು.

ಕನ್ನಡವೇನೂ ಹಿಂದೆ ಬಿದ್ದಿರಲಿಲ್ಲ. 1996ರಲ್ಲೇ ಡಾ. ಯು.ಬಿ. ಪವನಜ 'ವಿಶ್ವಕನ್ನಡ' ತೆರೆದರು. ಕನ್ನಡದ ಮೊದಲ ಜಾಲತಾಣ ಎಂದು ಅದನ್ನು ಗುರುತಿಸುತ್ತಾರೆ. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು 'ಬರಹ' ತಂತ್ರಾಂಶ ಕೊಟ್ಟರು. 2000ದ ಆಚೆಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಸರ್ಕಾರಿ ಕಚೇರಿಗಳಿಗೆಲ್ಲ ಅದೇ ಆಯಿತು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಅದರ ಜೊತೆ ಪ್ರತಿ ಟೈಪಿಂಗ್ ಸೆಂಟರಿಗೂ ಹೋಯಿತು. ಬರೆಯುವವರಿದ್ದರು, ಓದುವವರಿದ್ದರು, ಸೈಟುಗಳಿದ್ದವು. ಅರ್ಜಿ ಹಾಕುವ ಖಾನೆಗಳೂ ಇದ್ದವು.

ಆದರೂ ಕನ್ನಡದಲ್ಲಿ ಹುಡುಕಿದರೆ ಕನ್ನಡ ಸಿಗುತ್ತಿರಲಿಲ್ಲ. ಯಾಕೆ?

ಇದನ್ನು ನೀವೇ ನಿಮ್ಮ ಫೋನಿನಲ್ಲಿ ನೋಡಿರುತ್ತೀರಿ. ಯಾವುದೋ ಕಚೇರಿಯಿಂದ ಬಂದ ಪತ್ರಿಕಾ ಪ್ರಕಟಣೆಯನ್ನೋ, ಮದುವೆ ಕರೆಯೋಲೆಯ ಸಾಲನ್ನೋ ನುಡಿ ಫೈಲಿನಿಂದ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ, ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ ಬಂದು ಕೂರುತ್ತದಲ್ಲ, ಅದೇ. 'ಕನ್ನಡ' ಎಂದು ಆ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಉಳಿಯುವುದು ಹೀಗೆ: ಮೊದಲು ದೊಡ್ಡ ಪಿ, ಆಮೇಲೆ ತಲೆ ಮೇಲೆ ಗೀಟು ಎಳೆದ ಎ, ಆಮೇಲೆ ಬ್ರಿಟಿಷರ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಫಾಂಟ್ ಎನ್ನುವುದು ಇವುಗಳ ಮೇಲೆ ಕನ್ನಡದ ವೇಷ ಹಾಕುತ್ತಿತ್ತು. ಪಿ ಕಂಡಲ್ಲಿ ಕ್‌ನ ಚಿತ್ರ, ಪೌಂಡ್ ಕಂಡಲ್ಲಿ ನ್‌ನ ಚಿತ್ರ. ಮನುಷ್ಯನ ಕಣ್ಣಿಗೆ ವೇಷ ಕಾಣುತ್ತದೆ. ಯಂತ್ರಕ್ಕೆ ಕಣ್ಣಿಲ್ಲ, ಅದು ವೇಷದ ಕೆಳಗಿರುವುದನ್ನು ಮಾತ್ರ ಓದುತ್ತದೆ.

ಅಂದರೆ ಆ ಕಾಲದ ಗಣತಿದಾರ ಕನ್ನಡದ ಮನೆಗೆ ಬರಲೇ ಇಲ್ಲವೆಂದಲ್ಲ. ಬಂದ. ಬಾಗಿಲಲ್ಲಿ ನಿಂತು 'ಈ ಮನೆಯಲ್ಲಿ ಪೌಂಡ್ ಗುರುತುಗಳು ಬಹಳ ಇವೆ' ಎಂದು ಬರೆದುಕೊಂಡು ಹೋದ. ಐನೂರಲ್ಲ, ಐದು ಸಾವಿರ ಯಂತ್ರಗಳಿಗೆ ಅರ್ಜಿ ಹಾಕಿದ್ದರೂ ಅಷ್ಟೇ.

ಸಾಲದ್ದಕ್ಕೆ ಒಬ್ಬೊಬ್ಬರದು ಒಂದೊಂದು ವೇಷ. ಪತ್ರಿಕೆಗಳು, ಪೋರ್ಟಲ್‌ಗಳು ಬೇರೆ ಬೇರೆ ಫಾಂಟ್ ಬಳಸುತ್ತಿದ್ದವು. ಒಂದರಲ್ಲಿ ಪಿ ಅಂದರೆ ಕ್, ಇನ್ನೊಂದರಲ್ಲಿ ಬೇರೆ ಏನೋ. ಸೈಟಿನವರು ಇದಕ್ಕೆ ಕಂಡುಕೊಂಡ ಉಪಾಯ ಒಂದೇ, ಬಾಗಿಲ ಮೇಲಿನ ಬೋರ್ಡನ್ನು ಇಂಗ್ಲಿಷಿನಲ್ಲಿ ಬರೆಯುವುದು. ಪುಟದ ತಲೆಬರಹ ಇಂಗ್ಲಿಷ್, ಯಾಹೂಗೆ ಕೊಡುವ ವಿವರಣೆ ಇಂಗ್ಲಿಷ್, ಒಳಗೆ ಕನ್ನಡ. ಓದುವವರೂ ಇಂಗ್ಲಿಷ್ ಅಕ್ಷರದಲ್ಲೇ 'ಕನ್ನಡ ಕಥೆ' ಎಂದು ಟೈಪಿಸಿ ಹುಡುಕುವುದನ್ನು ರೂಢಿ ಮಾಡಿಕೊಂಡರು. ಆ ಅಭ್ಯಾಸ ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ ಎನ್ನುವುದು ನನ್ನ ಅನುಮಾನ. ಕೀಬೋರ್ಡ್‌ನಲ್ಲಿ ಕನ್ನಡ ಇದ್ದರೂ ಹುಡುಕುವಾಗ ಕೈ ಇಂಗ್ಲಿಷಿಗೇ ಹೋಗುತ್ತದೆ.

ಇದು ಕನ್ನಡದ ಒಬ್ಬಂಟಿ ಕಷ್ಟ ಆಗಿರಲಿಲ್ಲ. 2006ರಲ್ಲಿ ಹೈದರಾಬಾದಿನ ಟ್ರಿಪಲ್ ಐಟಿಯ ಸಂಶೋಧಕರು 'ವೆಬ್‌ಖೋಜ್' ಎಂಬ ಸರ್ಚ್ ಎಂಜಿನ್ ಕಟ್ಟಿ ಅದರ ಬಗ್ಗೆ ಒಂದು ಪ್ರಬಂಧ ಬರೆದರು. ವೆಬ್‌ನಲ್ಲಿರುವ ಭಾರತೀಯ ಭಾಷೆಗಳ ಬರಹದಲ್ಲಿ ಶೇ. 95ಕ್ಕೂ ಹೆಚ್ಚು ಹುಡುಕಾಟಕ್ಕೆ ಸಿಗುವುದೇ ಇಲ್ಲ, ಕಾರಣ ಬಗೆಬಗೆಯ ಅಕ್ಷರ ಸಂಕೇತಗಳು ಎಂದು ಅದರಲ್ಲಿ ಹೇಳಿದ್ದರು. ನೂರರಲ್ಲಿ ತೊಂಬತ್ತೈದು! ಈ ವೆಬ್‌ಖೋಜ್ ಮಾಡುತ್ತಿದ್ದ ಕೆಲಸವೇ ವಿಶೇಷ. ಪ್ರತಿ ಪುಟದ ವೇಷವನ್ನು ಕಳಚಿ, ಒಂದೇ ಸಂಕೇತಕ್ಕೆ ತಿರುಗಿಸಿ, ಆಮೇಲೆ ಪಟ್ಟಿಗೆ ಸೇರಿಸುವುದು. ಅದೇ 2006ರಲ್ಲಿ ಬೆಂಗಳೂರಿನಿಂದ 'ಗುರೂಜಿ' ಎಂಬ ಭಾರತದ್ದೇ ಸರ್ಚ್ ಎಂಜಿನ್ ಕೂಡ ಹೊರಟಿತು. ಬಹಳ ವರ್ಷ ಬಾಳಲಿಲ್ಲ.

ಬೀಗದ ಕೀಲಿ ಆಗಲೇ ಇತ್ತು ಎನ್ನುವುದು ಈ ಕಥೆಯ ನೋವಿನ ಭಾಗ. ಪ್ರಪಂಚದ ಎಲ್ಲ ಭಾಷೆಯ ಪ್ರತಿ ಅಕ್ಷರಕ್ಕೂ ಒಂದೊಂದು ಖಾಯಂ ನಂಬರ್ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು, ಅದರಲ್ಲಿ ಕನ್ನಡ ಇತ್ತು. ಅಂದರೆ ಕನ್ನಡದ ಮೊದಲ ವೆಬ್‌ಸೈಟಿಗಿಂತ ಐದು ವರ್ಷ ಮೊದಲೇ 'ಕ'ಗೆ ತನ್ನದೇ ನಂಬರ್ ಇತ್ತು. ಆದರೆ ನಂಬರ್ ಇದ್ದರೆ ಸಾಕೇ? ಅದನ್ನು ತೆರೆಯ ಮೇಲೆ ಒತ್ತು, ಗುಣಿತ ಸಮೇತ ತೋರಿಸುವ ಕಂಪ್ಯೂಟರ್ ಬೇಕಲ್ಲ. ವಿಂಡೋಸ್‌ನಲ್ಲಿ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲೂ ಸುಮ್ಮನೆ ಬರುತ್ತಿರಲಿಲ್ಲ, ಸೆಟ್ಟಿಂಗ್‌ಗೆ ಹೋಗಿ ಟಿಕ್ ಹಾಕಿದರೆ ಎಕ್ಸ್‌ಪಿ ಸಿಡಿ ಹಾಕು ಅನ್ನುತ್ತಿತ್ತು. ಸೈಬರ್ ಕೆಫೆಯವರನ್ನು 'ಅಣ್ಣ, ಸಿಡಿ ಇದೆಯಾ' ಎಂದು ಕೇಳಿ ಬೈಸಿಕೊಂಡವರು ನಮಗಿಂತ ಹಿರಿಯರಲ್ಲಿ ಬಹಳ ಜನ ಇದ್ದಾರೆ. ಸಿಡಿ ಇಲ್ಲದ ಕಡೆ ಕನ್ನಡವೆಲ್ಲ ಚೌಕ ಚೌಕ.

ಆದರೂ ಹಟ ಹಿಡಿದವರು ಬರೆದರು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ 'ಸಂಪದ', ಆಮೇಲೆ ಸಾಲುಸಾಲು ಬ್ಲಾಗುಗಳು, ಎಲ್ಲ ಯೂನಿಕೋಡ್‌ನಲ್ಲಿ. ಮೊದಲ ಸಲ ಗಣತಿದಾರ ಕನ್ನಡದ ಮನೆಗೆ ಬಂದು, ಕನ್ನಡದ್ದೇ ಹೆಸರು ಕೇಳಿಸಿಕೊಂಡು, ಕನ್ನಡದಲ್ಲೇ ಬರೆದುಕೊಂಡ. 2007ರಲ್ಲಿ ಗೂಗಲ್ ಇಂಗ್ಲಿಷ್ ಕೀಲಿಯಲ್ಲೇ ಕನ್ನಡ ಮೂಡಿಸುವ ಸೌಲಭ್ಯ ಕೊಟ್ಟಿತು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಫೋನಿನಲ್ಲೂ ಕನ್ನಡ ಸರಿಯಾಗಿ ಕಾಣತೊಡಗಿತು. ನಮ್ಮ ಹಳ್ಳಿಗಳಿಗೆ ಇಂಟರ್‌ನೆಟ್ ಬಂದದ್ದು ನಿಜವಾಗಿ ಇದರ ನಂತರವೇ, ಕಂಪ್ಯೂಟರ್ ಮೇಲಲ್ಲ, ಅಂಗೈ ಮೇಲೆ.

ಈ ಬದಲಾವಣೆಯಿಂದ ಏನಾಯಿತು ಎನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ 2013ರ 'ವಚನ ಸಂಚಯ'. ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ ವಚನಗಳು ಹಳೆಯ ಅಕ್ಷರ ಸಂಕೇತದಲ್ಲಿ ಸಿಕ್ಕಿಕೊಂಡಿದ್ದವು. ಓಂಶಿವಪ್ರಕಾಶ್ ಮತ್ತು ಗೆಳೆಯರು, ಕಥೆಗಾರ ವಸುಧೇಂದ್ರ, ವಿದ್ವಾಂಸ ಓ.ಎಲ್. ನಾಗಭೂಷಣ ಸ್ವಾಮಿ ಸೇರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್‌ಗೆ ತಂದು, ಹುಡುಕಲು ಸಿಗುವಂತೆ ಮಾಡಿದರು. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆ ಎಂದು ತೋರಿಸುತ್ತದೆ. ಇದೂ ಒಂದು ಬಗೆಯ ಸರ್ಚ್ ಎಂಜಿನ್ನೇ, ಇಡೀ ಲೋಕಕ್ಕಲ್ಲ, ಒಂದು ಕಣಜಕ್ಕೆ ಮಾತ್ರ. ಎಂಟುನೂರು ವರ್ಷದ ಹಿಂದಿನ ಮಾತು ಫೋನಿನಲ್ಲಿ ಸಿಗುತ್ತದೆ. ಅದೇ ಹೊತ್ತಿಗೆ, ಕಾಲು ಶತಮಾನದ ಹಿಂದೆ ಹಳೆಯ ಫಾಂಟುಗಳಲ್ಲಿ ವೆಬ್‌ಗೆ ಹಾಕಿದ ಎಷ್ಟೋ ಕನ್ನಡ ಪುಟಗಳು ಇವತ್ತಿಗೂ ಸಿಗುವುದಿಲ್ಲ.

ಅಕ್ಷರದ ತೊಡಕು ಪೂರ್ತಿ ಹೋಯಿತೆನ್ನಬೇಡಿ. ನಮ್ಮ ಭಾಗದ ಹೆಸರುಗಳನ್ನೇ ನೋಡಿ. ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆ, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು. 2007ರ ಆಗಸ್ಟಿನಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಹಳೆಯ ದಾಖಲೆ ಹುಡುಕುವವನು ಯಾವ ಹೆಸರಲ್ಲಿ ಹುಡುಕಬೇಕು? (ಬರೀ ರಾಮನಗರ ಅಂತ ಹಾಕಿದರೆ ಶೋಲೆ ಸಿನಿಮಾ ಬರುತ್ತದೆ, ಅದು ಬೇರೆ ಮಾತು.) ಅರ್ಕಾವತಿ ಎಂದು ಬರೆಯುವಾಗ ಅರ್ಕಾವೊತ್ತನ್ನು ಎರಡು ಬಗೆಯಲ್ಲಿ ಹಾಕಬಹುದು, ಒಂದು ಬಗೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ನಡುವೆ ಸೇರಿಕೊಳ್ಳುತ್ತದೆ. ನಮಗೆ ಎರಡೂ ಅದೇ ಹೊಳೆ, ಯಂತ್ರಕ್ಕೆ ಹೇಳಿಕೊಡದಿದ್ದರೆ ಎರಡು ಹೊಳೆ. ಚನ್ನಪಟ್ಟಣ, ಚನ್ನಪಟ್ಟಣದ, ಚನ್ನಪಟ್ಟಣಕ್ಕೆ, ಚನ್ನಪಟ್ಟಣದಲ್ಲಿ, ಇವೆಲ್ಲ ಒಂದೇ ಊರು ಎನ್ನುವುದನ್ನೂ ಅದಕ್ಕೆ ಕಲಿಸಬೇಕು. ನಮ್ಮ ಊರಂತೂ ಕೇಳಲೇಬೇಡಿ. ಕೆಲವರು ಬೈರಾಪಟ್ಟಣ, ಕೆಲವರು ಮಹಾಪ್ರಾಣ ಹಾಕಿ ಭೈರಾಪಟ್ಟಣ. ಇಂಗ್ಲಿಷಿನಲ್ಲಿ ಬಿ ಆದಮೇಲೆ ವೈ ಹಾಕುವವರೊಬ್ಬರು, ಎ-ಐ ಹಾಕುವವರು ಇನ್ನೊಬ್ಬರು, ಕೊನೆಯಲ್ಲಿ ಒಂದು ಟಿಯೋ ಎರಡು ಟಿಯೋ ಎನ್ನುವುದು ಬೋರ್ಡ್ ಬರೆಯುವವನ ಮರ್ಜಿ.

ಪಟ್ಟಿಯಲ್ಲಿ ನಾವಿಲ್ಲದಿದ್ದರೆ ಏನು ಗಂಟು ಹೋಗುತ್ತದೆ ಎಂದು ಕೇಳುವವರಿಗೆ 2021ರ ಜೂನ್ ನೆನಪಿಸುತ್ತೇನೆ. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ 'ಕನ್ನಡ' ಎಂದು ಉತ್ತರ ತೋರಿಸುತ್ತಿತ್ತು. ಜೂನ್ 3ರಂದು ರಾಜ್ಯವೆಲ್ಲ ಸಿಡಿದೆದ್ದಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕ್ಷಮೆ ಕೇಳಬೇಕೆಂದರು, ಗೂಗಲ್ ಆ ಉತ್ತರ ತೆಗೆದು ಕ್ಷಮೆ ಕೇಳಿತು. ಅದು ಗೂಗಲ್‌ನಲ್ಲಿ ಕೂತ ಮನುಷ್ಯರ ಅಭಿಪ್ರಾಯವಾಗಿರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಯಾವುದೋ ಮೂಲೆಯ ಪುಟವೊಂದು ಬರೆದಿಟ್ಟ ಸಾಲನ್ನು ಯಂತ್ರ ಎತ್ತಿ ಮೇಲೆ ಕೂರಿಸಿತ್ತು. ಖಾಲಿ ಸೈಟಿನಲ್ಲಿ ಯಾರು ಮೊದಲು ಬೇಲಿ ಹಾಕುತ್ತಾರೋ ಅವರದ್ದೇ ಎಂಬಂತೆ. ನಮ್ಮ ಯಾವುದೇ ಸಣ್ಣ ಊರಿನ ಹೆಸರು ಹುಡುಕಿ ನೋಡಿ, ಪಿನ್‌ಕೋಡ್ ಪುಟ, ಹವಾಮಾನದ ಪುಟ, ಸೈಟು ಮಾರಾಟದ ಪುಟ ಬರುತ್ತವೆ. ಊರಿನವರು ಊರಿನ ಬಗ್ಗೆ ಬರೆದದ್ದು ಎಷ್ಟು ಬರುತ್ತದೆ?

ಈ ನಡುವೆ ಅರ್ಜಿಯ ಕಾಲ ಸದ್ದಿಲ್ಲದೆ ಮುಗಿಯಿತು. 1998ರಲ್ಲಿ ಬಂದ ಗೂಗಲ್, ಕೊಂಡಿಗಳನ್ನೇ ಸಾಕ್ಷಿಯಾಗಿ ಹಿಡಿದು ಯಾವ ಪುಟ ಮೇಲೆ ಎಂದು ತೀರ್ಮಾನಿಸುವ ದಾರಿ ಹಿಡಿದು ಉಳಿದವರನ್ನೆಲ್ಲ ಹಿಂದೆ ಹಾಕಿತು. ಆಲ್ಟಾವಿಸ್ಟಾ 2013ರಲ್ಲಿ ಮುಚ್ಚಿತು, ಯಾಹೂ ಪಟ್ಟಿ 2014ರ ಕೊನೆಗೆ, ಡಿಮಾಜ್ 2017ರ ಮಾರ್ಚಿನಲ್ಲಿ. ಯಾರು ಬೇಕಾದರೂ ವಿಳಾಸ ಸಲ್ಲಿಸಬಹುದಾಗಿದ್ದ ಖಾನೆಯನ್ನು ಗೂಗಲ್ 2018ರ ಜುಲೈನಲ್ಲಿ ತೆಗೆದುಹಾಕಿತು. ಯಾಹೂ ಹೆಸರಲ್ಲಿ ಈಗ ಕಾಣುವುದು ಬಹುಪಾಲು ಬಿಂಗ್‌ನ ಸರಕು, ಡಕ್‌ಡಕ್‌ಗೋ ಕೂಡ ಹೆಚ್ಚಿನಂಶ ಅಲ್ಲಿಂದಲೇ ತರುತ್ತದೆ. ಹಾಗಾಗಿ ಗೂಗಲ್ ಮತ್ತು ಬಿಂಗ್ ಎರಡಕ್ಕೆ ಸೇರಿದರೆ ನಮ್ಮ ಮಟ್ಟಿಗೆ ಐನೂರೂ ಮುಗಿಯಿತು. ಅದಕ್ಕೆ ಗೂಗಲ್‌ನವರ ಸರ್ಚ್ ಕನ್ಸೋಲ್, ಬಿಂಗ್‌ನವರ ವೆಬ್‌ಮಾಸ್ಟರ್ ಟೂಲ್ಸ್ ಇವೆ. ಸೈಟು ನಮ್ಮದೇ ಎಂದು ತೋರಿಸಿ, ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಕೊಟ್ಟರೆ ಆಯಿತು. ಗೂಗಲ್ 2005ರಲ್ಲಿ ಶುರುಮಾಡಿದ ಈ ಸೈಟ್‌ಮ್ಯಾಪ್ ಪದ್ಧತಿಗೆ 2006ರಲ್ಲಿ ಯಾಹೂ, ಮೈಕ್ರೋಸಾಫ್ಟ್ ಸೇರಿಕೊಂಡವು. ನನ್ನ ಕಣ್ಣಿಗೆ ಅದು ಅಲಿವೆಬ್‌ನ ಹಳೆಯ ಚೀಟಿಯೇ. ಅಂಗಡಿಯವರಿಗೆ ಮ್ಯಾಪಿನ ಪಟ್ಟಿ ಬೇರೆ ಇದೆ, ಅದಕ್ಕೆ ವೆಬ್‌ಸೈಟೇ ಬೇಕಿಲ್ಲ. ಇವ್ಯಾವುದಕ್ಕೂ ಒಂದು ರೂಪಾಯಿ ಇಲ್ಲ.

ಇಷ್ಟು ತಿಳಿದುಕೊಂಡು ಮಾವನ ಸೈಟು ತೆರೆದು ಕೂತೆ. ಮೊದಲು ಅದು ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಗೂಗಲ್‌ನಲ್ಲಿ ಎಸ್-ಐ-ಟಿ-ಇ ಎಂದು ಇಂಗ್ಲಿಷಿನಲ್ಲಿ ಹಾಕಿ, ಎರಡು ಚುಕ್ಕೆಯ ಕೋಲನ್ ಇಟ್ಟು, ಜಾಗ ಬಿಡದೆ ಸೈಟಿನ ವಿಳಾಸ ಬರೆದರೆ ಆ ಸೈಟಿನ ಯಾವ ಪುಟಗಳು ಪಟ್ಟಿಯಲ್ಲಿವೆ ಎಂದು ತೋರಿಸುತ್ತದೆ. ಏನೂ ಬರಲಿಲ್ಲ.

ಸೈಟಿನ ಸೆಟ್ಟಿಂಗ್ ಒಳಗೆ ಹೋದಾಗ ಕಂಡದ್ದು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 'ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳಬೇಡಿ' ಎನ್ನುವ ಖಾನೆಗೆ ಟಿಕ್ ಬಿದ್ದಿತ್ತು! ಸೈಟು ಕಟ್ಟುವಾಗ ಅರ್ಧಂಬರ್ಧ ಪುಟ ಹೊರಗೆ ಕಾಣದಿರಲಿ ಎಂದು ಹಾಕಿಕೊಳ್ಳುವ ಟಿಕ್ ಅದು. ಕಟ್ಟಿದವರು ತೆಗೆಯಲು ಮರೆತಿದ್ದರು. ಅಲಿವೆಬ್ ಮಾಡಿದ ಮಾರ್ಟೈನ್ ಕೋಸ್ಟರನೇ 1994ರಲ್ಲಿ, ಯಂತ್ರಗಳು ಎಲ್ಲೆಂದರಲ್ಲಿ ನುಗ್ಗಿ ಸರ್ವರ್ ಸುಸ್ತು ಮಾಡುತ್ತಿವೆ ಎಂದು 'ಇಲ್ಲಿ ಪ್ರವೇಶವಿಲ್ಲ' ಎಂಬ ಫಲಕ ಹಾಕುವ ಪದ್ಧತಿ ತಂದಿದ್ದ. ಈ ಟಿಕ್ ಅದರ ದಾಯಾದಿ. ಸೇರಿಸ್ತೀವಿ ಎಂದು ಆರು ಸಾವಿರ ತಗೊಂಡವರು ಬಾಗಿಲಿಗೆ 'ಬರಬೇಡಿ' ಬೋರ್ಡ್ ತಗುಲಿಸಿ ಹೋಗಿದ್ದರು.

ಟಿಕ್ ತೆಗೆದೆ. ಆದರೆ ಪುಟ ನೋಡಿದರೆ ಇನ್ನೊಂದು ಸಂಗತಿ. ಅಂಗಡಿ ಹೆಸರು, ಊರು, ಬೊಂಬೆಗಳ ಹೆಸರು, ಬೆಲೆ, ಮಾವನ ಅಪ್ಪ ಕಸುಬು ಕಲಿತ ಕಥೆ ಎಲ್ಲ ಚೆಂದದ ಕನ್ನಡದಲ್ಲಿತ್ತು. ಬೆರಳಿಟ್ಟು ಹಿಡಿದರೆ ಒಂದು ಪದವೂ ಸೆಲೆಕ್ಟ್ ಆಗಲಿಲ್ಲ. ಎಲ್ಲ ಚಿತ್ರ. ಯಾರೋ ಹಳೆಯ ಫಾಂಟಿನಲ್ಲಿ ಡಿಸೈನ್ ಮಾಡಿ, ಫೋಟೋ ಮಾಡಿ ಅಂಟಿಸಿದ್ದರು. ಇಡೀ ಸೈಟಿನಲ್ಲಿ ಅಕ್ಷರವಾಗಿ ಇದ್ದದ್ದು 'ಹೋಮ್' ಮತ್ತು 'ಕಾಂಟ್ಯಾಕ್ಟ್' ಎನ್ನುವ ಎರಡು ಇಂಗ್ಲಿಷ್ ಪದ. ಚಿತ್ರದೊಳಗಿನ ಅಕ್ಷರವನ್ನು ಓದುವ ಯಂತ್ರಗಳು ಈಗ ಇವೆ ನಿಜ, ಆದರೆ ಅವನ್ನು ನಂಬಿ ಕೂರುವುದು ಬೇಡ ಅನ್ನಿಸಿತು.

"ಮಾವ, ಇದನ್ನೆಲ್ಲ ಮತ್ತೆ ಟೈಪ್ ಮಾಡಬೇಕು" ಅಂದೆ.

"ಅಷ್ಟೂ ಬರ್ದವಲ್ಲಪ್ಪ ಅದರಲ್ಲಿ?"

"ಬರೆದಿದೆ ಮಾವ, ನಿಮಗೂ ನನಗೂ ಕಾಣುತ್ತೆ. ಅದಕ್ಕೆ ಕಾಣಲ್ಲ."

ಅವರು ಹೇಳುತ್ತಾ ಹೋದರು, ನಾನು ಫೋನಿನಲ್ಲೇ ಟೈಪಿಸುತ್ತಾ ಹೋದೆ. ಬುಗುರಿಗೆ ಏನೇನು ಬಣ್ಣ, ಅರಗು ಯಾಕೆ ಮಗು ಬಾಯಿಗೆ ಹಾಕಿಕೊಂಡರೂ ಭಯವಿಲ್ಲ, ಹಾಲೆ ಮರ ಎಷ್ಟು ದಿನ ಒಣಗಬೇಕು. ಎರಡು ಸಂಜೆ ಹಿಡಿಯಿತು. ಊರಿನ ಹೆಸರನ್ನು ಬೇಕೆಂದೇ ಎರಡು ಮೂರು ಕಡೆ ಬೇರೆ ಬೇರೆ ಥರ ಬರೆದೆ. ಸೈಟ್‌ಮ್ಯಾಪ್ ಕೊಟ್ಟೆವು, ಮ್ಯಾಪಿನಲ್ಲಿ ಅಂಗಡಿ ಗುರುತು ಹಾಕಿದೆವು.

ಹನ್ನೊಂದನೇ ದಿನ ಮಾವನ ಫೋನು. ಬೈರಾಪಟ್ಟಣ ಬೊಂಬೆ ಎಂದು ಕನ್ನಡದಲ್ಲಿ ಹುಡುಕಿದರಂತೆ, ಬಂತಂತೆ. ಖುಷಿಯಲ್ಲಿ ಮಗಳಿಗೂ ಹುಡುಕು ಅಂದಿದ್ದಾರೆ. ಅವಳು ಇಂಗ್ಲಿಷಿನಲ್ಲಿ ಎ-ಐ ಹಾಕಿ ಹುಡುಕಿದಳಂತೆ, ಬರಲಿಲ್ಲವಂತೆ.

"ಅದನ್ನೂ ಒಂದು ಕಡೆ ಬರೆದುಬಿಡಪ್ಪ" ಅಂದರು. ಬರೆದಿದ್ದೇನೆ, ಇನ್ನೂ ನೋಡಬೇಕು.